ಜಿಯೋಜಿಬ್ರಾದಲ್ಲಿ ಜ್ಯಾಮಿತಿ ಪಾಠ: ಎಳೆಯೋ ಮುಂಚೆ ಮಕ್ಕಳನ್ನ ಕೇಳಿ

ಹತ್ತನೇ ಕ್ಲಾಸಿಗೆ ಥೇಲ್ಸ್ ಪ್ರಮೇಯ (ತ್ರಿಭುಜದ ಒಂದು ಬಾಹುಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುನ ಒಂದೇ ಅನುಪಾತದಲ್ಲಿ ಭಾಗಿಸತ್ತೆ ಅನ್ನೋದು) ಮಾಡಿ ಮುಗಿಸಿರ್ತೀವಿ, ಮಕ್ಕಳಿಗೆ ಹೇಳಿಕೆ ಬಾಯಿಪಾಠ, ಚಿತ್ರ ಬಾಯಿಪಾಠ, ಸಾಧನೆನೂ ಬಾಯಿಪಾಠ, ಆದ್ರೆ ಟೆಸ್ಟಲ್ಲಿ ಅದೇ ತ್ರಿಭುಜನ ತಲೆಕೆಳಗು ಮಾಡಿ ಪಿಕ್ಯೂಆರ್ ಅಂತ ಹೆಸರಿಟ್ಟು ಕೊಟ್ರೆ ಅರ್ಧ ಕ್ಲಾಸು ಪೆನ್ನು ಕಚ್ಕೊಂಡು ಕೂತಿರತ್ತೆ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ನಾವು ಬೋರ್ಡ್ ಮೇಲೆ ಬರೆಯೋ ತ್ರಿಭುಜ ಯಾವಾಗ್ಲೂ ಪಾದ ಕೆಳಗೆ, ಶೃಂಗ ಮೇಲೆ, ಮೂರೂ ಕೋನ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ, ಒಂಬತ್ತನೇ ಕ್ಲಾಸಲ್ಲೂ ಅದೇ ಹತ್ತನೇ ಕ್ಲಾಸಲ್ಲೂ ಅದೇ. ಹಾಗಾಗಿ ಆ ಮಗುಗೆ "ತ್ರಿಭುಜ" ಅಂದ್ರೆ ಆ ಒಂದು ಚಿತ್ರ. ಎಲ್ಲಾ ತ್ರಿಭುಜಕ್ಕೂ ಈ ಮಾತು ನಿಜ ಅನ್ನೋದು ಅದರ ಕಣ್ಣಿಗೆ ಯಾವತ್ತೂ ಬಿದ್ದೇ ಇಲ್ಲ.

ಜಿಯೋಜಿಬ್ರಾ ಅನ್ನೋ ಗಣಿತದ ಸಾಫ್ಟ್‌ವೇರ್ ನನಗೆ ಇಷ್ಟ ಆಗಿದ್ದು ಈ ಒಂದು ಕಾರಣಕ್ಕೇ. ಚಿತ್ರದ ಒಂದು ಮೂಲೆ ಹಿಡಿದು ಎಳೆದ್ರೆ ಇಡೀ ಚಿತ್ರ ಅಲ್ಲಾಡತ್ತೆ, ಆದ್ರೂ ಪ್ರಮೇಯ ಹೇಳೋ ಮಾತು ಮಾತ್ರ ಅಲ್ಲಾಡಲ್ಲ. ಅದನ್ನ ಕ್ಲಾಸಲ್ಲಿ ಹೆಂಗೆ ಬಳಸೋದು, ಎಲ್ಲಿ ಎಡವ್ತೀವಿ, ಯಾವ ಪಾಠಕ್ಕೆ ಜಾಸ್ತಿ ಉಪಯೋಗ ಅಂತ ನಾನು ಕಲ್ತಿದ್ದನ್ನ ಇಲ್ಲಿ ಬರೀತಿದೀನಿ, ಹೈಸ್ಕೂಲ್ ಗಣಿತ ಟೀಚರ್‌ಗಳನ್ನ ಮನಸ್ಸಲ್ಲಿಟ್ಕೊಂಡು.

ಮೊದ್ಲು ಸಾಫ್ಟ್‌ವೇರ್ ಬಗ್ಗೆ ಎರಡು ಮಾತು. ಆಸ್ಟ್ರಿಯಾದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಅನ್ನೋರು 2001ರಲ್ಲಿ ತಮ್ಮ ಮಾಸ್ಟರ್ಸ್ ಪ್ರಬಂಧಕ್ಕೆ ಅಂತ ಶುರು ಮಾಡಿದ್ದು ಇದು, ಜ್ಯಾಮಿತಿ ಮತ್ತು ಬೀಜಗಣಿತ ಎರಡೂ ಒಂದೇ ಸ್ಕ್ರೀನಲ್ಲಿ ಸಿಗ್ಲಿ ಅನ್ನೋ ಆಸೆ ಅದರ ಹೆಸರಲ್ಲೇ ಇದೆ. ಶಾಲೆ ಪಾಠಕ್ಕೆ ಬಳಸೋಕೆ ದುಡ್ಡು ಕೊಡ್ಬೇಕಿಲ್ಲ. ಲ್ಯಾಬಲ್ಲಿ ಹಳೇ ಕಂಪ್ಯೂಟರ್‌ಗಳಿದ್ರೆ ಅದರ ಕ್ಲಾಸಿಕ್ 5 ಅನ್ನೋ ಆವೃತ್ತಿ ಹಾಕ್ಕೊಳ್ಳಿ, ಒಂದ್ಸಲ ಇನ್‌ಸ್ಟಾಲ್ ಮಾಡಿದ್ಮೇಲೆ ಇಂಟರ್ನೆಟ್ ಬೇಡ. ಮೊಬೈಲಿಗೆ ಜಿಯೋಮೆಟ್ರಿ ಅಂತ ಒಂದು ಆಪ್, ಗ್ರಾಫಿಂಗ್ ಅಂತ ಇನ್ನೊಂದು ಇದೆ, ಅವೂ ನೆಟ್ ಇಲ್ದೆ ಓಡತ್ವೆ. ರೆಡಿ ಫೈಲ್‌ಗಳು ಬೇಕು ಅಂದ್ರೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಅನ್ನೋ ತಾಣದಲ್ಲಿ, ಅದೇ ಕೋಯರ್ ಅಂತೀವಲ್ಲ, ಹೈಸ್ಕೂಲ್ ಗಣಿತಕ್ಕೆ ಸಿಗತ್ತೆ. ಆದ್ರೂ ಶುರುವಿನಲ್ಲಿ ನಾಲ್ಕೈದು ಫೈಲ್ ನೀವೇ ಕೈಯಾರೆ ಮಾಡಿ, ಇಲ್ಲಾಂದ್ರೆ ಕ್ಲಾಸಲ್ಲಿ ಮಕ್ಕಳು ಏನಾದ್ರೂ ಕೇಳ್ದಾಗ ಬದಲಾಯಿಸೋಕೆ ಕೈ ಬರಲ್ಲ.

ತೆರೆದ ತಕ್ಷಣ ಮೂರು ಕೆಲಸ ಮಾಡ್ಕೊಳ್ಳಿ. ಜ್ಯಾಮಿತಿ ಪಾಠಕ್ಕೆ ಅಕ್ಷಗಳು, ಗ್ರಿಡ್ ಎರಡನ್ನೂ ಮರೆ ಮಾಡಿ, ಖಾಲಿ ಹಾಳೆ ಥರ ಆಗ್ಬೇಕು. ಸೆಟ್ಟಿಂಗ್ಸಲ್ಲಿ ಫಾಂಟ್ ಸೈಜ್ 20 ಅಥವಾ ಅದಕ್ಕಿಂತ ದೊಡ್ಡದು ಮಾಡಿ, ಯಾಕಂದ್ರೆ ನಿಮ್ಮ ಲ್ಯಾಪ್‌ಟಾಪಲ್ಲಿ ಚೆನ್ನಾಗಿ ಕಾಣೋ ಅಕ್ಷರ ಕೊನೇ ಬೆಂಚಿಗೆ ಇರುವೆ ಸಾಲಿನ ಥರ ಕಾಣತ್ತೆ, ಗೆರೆಗಳನ್ನೂ ದಪ್ಪ ಮಾಡಿ. ಮೂರನೇದು ರೌಂಡಿಂಗ್, ಅಂದ್ರೆ ದಶಮಾಂಶ ಆದ್ಮೇಲೆ ಎಷ್ಟು ಸ್ಥಾನ ತೋರಿಸ್ಬೇಕು ಅನ್ನೋದು, ಅದರ ಕಥೆ ಮುಂದೆ ಹೇಳ್ತೀನಿ.

ಇನ್ನು ಟೂಲ್‌ಗಳು. ಬಾಣದ ಗುರುತಿನ ಮೂವ್ ಟೂಲ್, ಪಾಯಿಂಟ್, ಎರಡು ಬಿಂದು ನಡುವೆ ಗೆರೆ ಹಾಕೋ ಸೆಗ್ಮೆಂಟ್, ಬಹುಭುಜ ಹಾಕೋ ಪಾಲಿಗನ್, ಲಂಬ ಎಳೆಯೋದು, ಸಮಾಂತರ ಎಳೆಯೋದು, ಮಧ್ಯಬಿಂದು, ವೃತ್ತ, ಎರಡು ಗೆರೆ ಎಲ್ಲಿ ಕೂಡತ್ತೋ ಅಲ್ಲಿ ಬಿಂದು ಇಡೋ ಇಂಟರ್ಸೆಕ್ಟ್, ಕೋನ ಅಳೆಯೋದು, ಉದ್ದ ಅಳೆಯೋದು, ಇಷ್ಟು ಗೊತ್ತಿದ್ರೆ ಎಸ್ಸೆಸ್ಸೆಲ್ಸಿವರೆಗೂ ಸಾಕು. ಪಾಲಿಗನ್ ಹಾಕುವಾಗ ಕೊನೇಲಿ ಮತ್ತೆ ಮೊದಲನೇ ಬಿಂದು ಮೇಲೆ ಕ್ಲಿಕ್ ಮಾಡಿದ್ರೇನೇ ಆಕೃತಿ ಮುಚ್ಚೋದು, ಇದನ್ನ ಮರೀತಾರೆ ಎಲ್ಲರೂ. ಕೋನ ಅಳೆಯುವಾಗ 60 ಬರೋ ಕಡೆ 300 ಬಂದ್ರೆ ಗಾಬರಿ ಬೇಡ, ಮೂರು ಬಿಂದುಗಳನ್ನ ಉಲ್ಟಾ ಕ್ರಮದಲ್ಲಿ ಕ್ಲಿಕ್ ಮಾಡಿ, ಸರಿಹೋಗತ್ತೆ, ಸಾಫ್ಟ್‌ವೇರು ಅಪ್ರದಕ್ಷಿಣವಾಗಿ ಅಳೆಯತ್ತೆ ಅಷ್ಟೆ. ಇನ್ನೊಂದು ಬಣ್ಣದ ಗುಟ್ಟು: ನೀಲಿ ಬಿಂದುಗಳನ್ನ ಎಳೀಬಹುದು, ಕಪ್ಪಾಗಿರೋ ಬಿಂದುಗಳು ಬೇರೆಯವನ್ನ ನಂಬ್ಕೊಂಡಿರೋವು, ಅವು ತಾವಾಗೇ ಎಳೆಯೋಕೆ ಬರಲ್ಲ.

ಈಗ ನಿಜವಾದ ಮೊದಲ ಪಾಠ. ಇದನ್ನ ಬಿಟ್ಟು ಮುಂದಕ್ಕೆ ಹೋಗ್ಬೇಡಿ ದಯವಿಟ್ಟು. ಮಕ್ಕಳಿಗೆ "ಒಂದು ಚೌಕ ಮಾಡಿ" ಅಂತ ಹೇಳಿ, ಬೇರೇನೂ ಹೇಳ್ಬೇಡಿ. ಅವರು ಪಾಲಿಗನ್ ಟೂಲ್ ತಗೊಂಡು ಅಂದಾಜಿಗೆ ನಾಲ್ಕು ಕಡೆ ಕ್ಲಿಕ್ ಮಾಡಿ ಚೌಕದ ಥರ ಕಾಣೋ ಒಂದು ಆಕೃತಿ ಮಾಡ್ತಾರೆ, "ಆಯ್ತು ಮಿಸ್" ಅಂತಾರೆ. ನೀವು ಹೋಗಿ ಒಂದು ಮೂಲೆ ಹಿಡಿದು ಎಳೀರಿ. ಚೌಕ ಸೊಟ್ಟ ಆಗೋಯ್ತು! ಈಗ ಕೇಳಿ, "ಎಳೆದ್ರೂ ಚೌಕವಾಗೇ ಉಳೀಬೇಕು, ಹಂಗೆ ಮಾಡೋಕಾಗತ್ತಾ?" ಆವಾಗ ಅವರು ಯೋಚನೆಗೆ ಬೀಳ್ತಾರೆ, ಚೌಕ ಅಂದ್ರೆ ಏನು, ನಾಲ್ಕು ಬಾಹು ಸಮ, ಕೋನ ಲಂಬ, ಅದನ್ನ ಸಾಫ್ಟ್‌ವೇರಿಗೆ ಹೆಂಗೆ ಹೇಳೋದು ಅಂತ. ದಾರಿ ಹೀಗಿದೆ: ಎಬಿ ಅಂತ ಒಂದು ಸೆಗ್ಮೆಂಟ್ ಹಾಕಿ, ಎ ಬಿಂದುವಲ್ಲಿ ಎಬಿಗೆ ಲಂಬ ಎಳೀರಿ, ಎ ಕೇಂದ್ರವಾಗಿ ಬಿ ಮೂಲಕ ಹೋಗೋ ವೃತ್ತ ಹಾಕಿ, ಆ ವೃತ್ತ ಲಂಬನ ಕತ್ತರಿಸೋ ಜಾಗ ಡಿ, ಆಮೇಲೆ ಬಿಯಲ್ಲಿ ಇನ್ನೊಂದು ಲಂಬ, ಡಿ ಮೂಲಕ ಎಬಿಗೆ ಸಮಾಂತರ ರೇಖೆ, ಎರಡೂ ಕೂಡೋ ಜಾಗ ಸಿ. ಪಾಲಿಗನ್ ಹಾಕಿ, ವೃತ್ತ ಗೆರೆ ಎಲ್ಲಾ ಮರೆ ಮಾಡಿ. ಈಗ ಎ ಎಳೀರಿ, ಬಿ ಎಳೀರಿ, ತಿರುಗತ್ತೆ, ದೊಡ್ಡದಾಗತ್ತೆ, ಚಿಕ್ಕದಾಗತ್ತೆ, ಚೌಕ ಚೌಕವಾಗೇ ಇರತ್ತೆ.

ಇಲ್ಲಿ ವೃತ್ತ ಯಾಕೆ ಬಂತು ಅಂತ ಒಬ್ಬ ಹುಡುಗ ಕೇಳ್ದ ಒಂದ್ಸಲ, "ಚೌಕಕ್ಕೂ ವೃತ್ತಕ್ಕೂ ಏನ್ ಮಿಸ್ ಸಂಬಂಧ?" ಅಂತ. ನಾನು ಜಾಮಿಟ್ರಿ ಬಾಕ್ಸಿಂದ ಕೈವಾರ ತೆಗೆಸಿ, ಅದರಲ್ಲಿ ಮುಳ್ಳಿಗೂ ಪೆನ್ಸಿಲ್ ತುದಿಗೂ ನಡುವಿನ ದೂರ ಬದಲಾಗ್ದೆ ಇರತ್ತೆ ಅಲ್ವಾ, ಒಂದು ಉದ್ದನ ಇಲ್ಲಿಂದ ಅಲ್ಲಿಗೆ ಹೊತ್ಕೊಂಡ್ಹೋಗೋದೇ ಕೈವಾರದ ಕೆಲಸ ಅಂದೆ. ಆ ಹುಡುಗ ಆಮೇಲೆ ಸಮಬಾಹು ತ್ರಿಭುಜನ ಎರಡು ವೃತ್ತದಿಂದ ತಾನೇ ಮಾಡಿದ, ನಾನು ಹೇಳ್ಕೊಟ್ಟಿರ್ಲಿಲ್ಲ. ಬರೆಯೋದು ಬೇರೆ, ರಚಿಸೋದು ಬೇರೆ ಅನ್ನೋದು ಈ ಒಂದು ಪೀರಿಯಡಲ್ಲಿ ತಲೆಗೆ ಹೋದ್ರೆ ವರ್ಷಪೂರ್ತಿ ಜ್ಯಾಮಿತಿ ಸಲೀಸು.

ಥೇಲ್ಸ್ ಪ್ರಮೇಯಕ್ಕೆ ಬರೋಣ. ಎಬಿಸಿ ತ್ರಿಭುಜ ಹಾಕಿ. ಪಾಯಿಂಟ್ ಟೂಲ್ ತಗೊಂಡು ನೇರ ಎಬಿ ಬಾಹು ಮೇಲೇ ಕ್ಲಿಕ್ ಮಾಡಿ ಡಿ ಇಡಿ, ಅದು ಎಬಿಗೆ ಅಂಟ್ಕೊಳ್ಳತ್ತೆ, ಎಳೆದ್ರೂ ಎಬಿ ಬಿಟ್ಟು ಹೋಗಲ್ಲ. ಡಿ ಮೂಲಕ ಬಿಸಿಗೆ ಸಮಾಂತರ ಎಳೀರಿ, ಕಣ್ಣಂದಾಜಲ್ಲಿ ಬೇಡ, ಸಮಾಂತರದ ಟೂಲ್ ಬಳಸಿನೇ. ಅದು ಎಸಿನ ಕತ್ತರಿಸೋ ಜಾಗ ಇ. ಉದ್ದ ಗೆರೆ ಮರೆ ಮಾಡಿ ಡಿಇ ಅಂತ ಸೆಗ್ಮೆಂಟ್ ಹಾಕಿ. ಎಡಿ, ಡಿಬಿ, ಎಇ, ಇಸಿ ನಾಲ್ಕೂ ಸೆಗ್ಮೆಂಟ್ ಹಾಕಿ ಉದ್ದ ತೋರಿಸಿ. ಇನ್‌ಪುಟ್ ಬಾರಲ್ಲಿ ಮೊದಲನೇ ಸೆಗ್ಮೆಂಟಿನ ಹೆಸರು, ಓರೆಗೆರೆ, ಎರಡನೇದರ ಹೆಸರು ಟೈಪ್ ಮಾಡಿದ್ರೆ ಅನುಪಾತ ಬರತ್ತೆ, ಇನ್ನೊಂದು ಕಡೆದೂ ಹಂಗೇ.

ಇಲ್ಲಿ ನಿಲ್ಲಿ. ಇನ್ನೂ ಏನೂ ಎಳೀಬೇಡಿ.

ಮೊದಮೊದ್ಲು ನಾನು ಮಾಡ್ತಿದ್ದ ತಪ್ಪು ಇದೇನೇ, ರೆಡಿ ಫೈಲ್ ತೆಗೆಯೋದು, ಸರಸರ ಎಳೆದು ತೋರಿಸೋದು, "ನೋಡಿದ್ರಾ ಎರಡೂ ಸಮ" ಅನ್ನೋದು. ಮಕ್ಕಳು "ವಾವ್ ಮಿಸ್" ಅಂತಿದ್ರು, 10 ನಿಮಿಷದಲ್ಲಿ ಪಾಠ ಮುಗೀತಿತ್ತು, ನನಗೂ ಖುಷಿ. ಯೂನಿಟ್ ಟೆಸ್ಟ್ ಪೇಪರ್ ತಿದ್ದುವಾಗ ಗೊತ್ತಾಯ್ತು, ಅವರಿಗೆ ನೆನಪಿದ್ದದ್ದು ಬಣ್ಣ, ಅಲ್ಲಾಡೋ ಚಿತ್ರ, ಅಷ್ಟೇ. ನೋಡಿದ್ರು, ಯೋಚನೆ ಮಾಡಿರ್ಲಿಲ್ಲ. ಆಮೇಲಿಂದ ನನ್ನ ಕ್ಲಾಸಲ್ಲಿ ಒಂದೇ ನಿಯಮ, ಮೌಸ್ ಮುಟ್ಟೋ ಮುಂಚೆ ಎಲ್ಲರೂ ನೋಟ್‌ಬುಕ್ಕಲ್ಲಿ ಉತ್ತರ ಬರೀಬೇಕು. "ಎ ಬಿಂದುನ ಮೇಲಕ್ಕೆ ಎಳೀತೀನಿ, ಎಡಿ ಉದ್ದ ಏನಾಗತ್ತೆ? ಅನುಪಾತ ಏನಾಗತ್ತೆ? ಜಾಸ್ತಿ, ಕಮ್ಮಿ, ಹಂಗೇ, ಒಂದು ಬರೀರಿ." ತಪ್ಪು ಬರೆದ್ರೂ ಪರವಾಗಿಲ್ಲ, ಬರೆದ್ಮೇಲೆ ಆ ಮಗುಗೆ ಸ್ಕ್ರೀನ್ ಮೇಲೆ ಒಂದು ಕಣ್ಣು ನೆಟ್ಟಿರತ್ತೆ, ತನ್ನ ಉತ್ತರ ಸರಿನಾ ಅಂತ.

ಎ ಎಳೆದಾಗ ಉದ್ದ ಎಲ್ಲಾ ಬದಲಾಗತ್ತೆ, ಅನುಪಾತ ಮಾತ್ರ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಆದ್ರೆ ಇಲ್ಲೊಂದು ಸೂಕ್ಷ್ಮ ಇದೆ, ಟೀಚರ್‌ಗಳು ಗಮನಿಸ್ಬೇಕು. ಸೆಗ್ಮೆಂಟ್ ಮೇಲಿರೋ ಬಿಂದುನ ಜಿಯೋಜಿಬ್ರಾ ಅದೇ ಭಾಗದಲ್ಲೇ ಇಟ್ಕೊಂಡು ಹೋಗತ್ತೆ, ಅಂದ್ರೆ ಡಿ ಬಿಂದು ಎಬಿಯ ಮೂರನೇ ಒಂದು ಭಾಗದಲ್ಲಿದ್ರೆ ಎ ಎಲ್ಲಿಗೆ ಹೋದ್ರೂ ಡಿ ಮೂರನೇ ಒಂದರಲ್ಲೇ ಇರತ್ತೆ. ಹಾಗಾಗಿ ಎಡಕ್ಕಿರೋ ಅನುಪಾತ ಬದಲಾಗ್ದೆ ಇರೋದು ಸಾಫ್ಟ್‌ವೇರಿನ ಗುಣ, ಬಲಕ್ಕಿರೋದು ಅದಕ್ಕೆ ಸಮ ಬರೋದು ಪ್ರಮೇಯದ ಗುಣ. ಇದನ್ನ ಬಿಡಿಸಿ ತೋರಿಸ್ಬೇಕು ಅಂದ್ರೆ ಡಿ ಬಿಂದುನೇ ಎಳೀಬೇಕು. ಎಬಿ 6, ಎಸಿ 7.5 ಇಟ್ಕೊಳ್ಳಿ, ಎಡಿ 2 ಆದಾಗ ಡಿಬಿ 4, ಎಇ 2.5, ಇಸಿ 5, ಎರಡೂ ಕಡೆ 0.5. ಡಿ ಕೆಳಗಿಳಿಸಿ ಎಡಿ 3 ಮಾಡಿ, ಎರಡೂ ಕಡೆ 1. ಇನ್ನೂ ಕೆಳಗೆ, ಎಡಿ 4, ಎರಡೂ ಕಡೆ 2. ಅನುಪಾತ ಬದಲಾಗ್ತಾನೇ ಇದೆ, ಆದ್ರೆ ಎರಡೂ ಜೊತೆಜೊತೆಗೆ ಹೋಗ್ತಿವೆ. ಡಿ ಬಿಂದು ಬಿ ಹತ್ರ ಹೋಗ್ತಿದ್ದಂಗೆ ಸಂಖ್ಯೆ 20, 50, 100 ಅಂತ ಹಾರತ್ತೆ, ಯಾಕೆ ಅಂತ ಕೇಳಿ, ಛೇದ ಸೊನ್ನೆ ಹತ್ರ ಹೋದ್ರೆ ಏನಾಗತ್ತೆ ಅನ್ನೋದು ಅಲ್ಲೇ ಸಿಗತ್ತೆ.

ಇಷ್ಟು ನೋಡಿದ್ಮೇಲೆ ಮಕ್ಕಳು "ಹಂಗಾದ್ರೆ ಪ್ರೂವ್ ಆಯ್ತಲ್ಲ ಮಿಸ್, ಮತ್ತೆ ಸಾಧನೆ ಯಾಕೆ ಬರೀಬೇಕು?" ಅಂತಾರೆ. ಒಳ್ಳೇ ಪ್ರಶ್ನೆ ಅದು, ಬೈಬೇಡಿ. ನೂರು ತ್ರಿಭುಜ ನೋಡಿದ್ವಿ, ನೂರ ಒಂದನೇದು ಕೈ ಕೊಡಲ್ಲ ಅಂತ ಏನು ಗ್ಯಾರಂಟಿ, ಮತ್ತೆ ಯಾಕೆ ಸಮ ಬರತ್ತೆ ಅನ್ನೋದಕ್ಕೆ ಅಳತೆಯಲ್ಲಿ ಉತ್ತರ ಇಲ್ಲ. ಆ "ಯಾಕೆ"ನೂ ಇದೇ ಫೈಲಲ್ಲಿ ತೋರಿಸ್ಬಹುದು, ಈ ಜಾಗದಲ್ಲೇ ಸಾಫ್ಟ್‌ವೇರಿನ ನಿಜವಾದ ಬೆಲೆ ಗೊತ್ತಾಗೋದು. ಪಠ್ಯಪುಸ್ತಕದ ಸಾಧನೆಯಲ್ಲಿ ಬಿಇ, ಸಿಡಿ ಸೇರಿಸಿ ಅಂತ ಒಂದು ರಚನೆ ಬರತ್ತಲ್ಲ, ಮಕ್ಕಳು ಅದನ್ನ ಮಂತ್ರದ ಥರ ಬರೀತಾರೆ, ಯಾಕೆ ಸೇರಿಸಿದ್ರು ಅಂತ ಗೊತ್ತಿರಲ್ಲ. ನೀವು ಬಿಡಿಇ ತ್ರಿಭುಜಕ್ಕೆ ಹಸಿರು, ಸಿಡಿಇ ತ್ರಿಭುಜಕ್ಕೆ ಕೇಸರಿ ಬಣ್ಣ ಹಾಕಿ, ಏರಿಯಾ ಟೂಲಲ್ಲಿ ಎರಡರ ವಿಸ್ತೀರ್ಣ ತೋರಿಸಿ. ಎರಡೂ ನೋಡೋಕೆ ಬೇರೆ ಬೇರೆ ಆಕಾರ, ಒಂದು ಎಡಕ್ಕೆ ವಾಲಿದೆ ಒಂದು ಬಲಕ್ಕೆ, ಆದ್ರೆ ಸಂಖ್ಯೆ ಒಂದೇ. ಎ ಎಳೀರಿ, ಬಿ ಎಳೀರಿ, ಡಿ ಎಳೀರಿ, ಎರಡು ಸಂಖ್ಯೆನೂ ಒಟ್ಟಿಗೆ ಓಡತ್ತೆ. ಯಾಕೆ? ಎರಡಕ್ಕೂ ಪಾದ ಡಿಇ ಒಂದೇ, ಎರಡೂ ಡಿಇ ಮತ್ತು ಬಿಸಿ ಅನ್ನೋ ಎರಡು ಸಮಾಂತರ ರೇಖೆ ನಡುವೆ ಕೂತಿವೆ, ಎತ್ತರ ಒಂದೇ. ಈಗ ಎಡಿಇ ತ್ರಿಭುಜನ ಎರಡರ ಜೊತೆಗೂ ಹೋಲಿಸಿ, ಎಡಿಇ ಮತ್ತು ಬಿಡಿಇ ವಿಸ್ತೀರ್ಣಗಳ ಅನುಪಾತ ಎಡಿ ಭಾಗಿಸು ಡಿಬಿ, ಎಡಿಇ ಮತ್ತು ಸಿಡಿಇದು ಎಇ ಭಾಗಿಸು ಇಸಿ, ಹಸಿರೂ ಕೇಸರಿಯೂ ಸಮ ಆದ್ಮೇಲೆ ಇವೆರಡೂ ಸಮ ಆಗ್ಲೇಬೇಕು. ಸಾಧನೆ ಪೂರ್ತಿ ಮುಗೀತು, ಇದನ್ನ ಬೋರ್ಡಲ್ಲಿ ದತ್ತ, ಸಾಧನೀಯ, ರಚನೆ ಅಂತ ಕ್ರಮವಾಗಿ ಬರೆಸೋದು ಈಗ. ಸ್ಕ್ರೀನ್ ಆಫ್ ಮಾಡಿಬಿಡಿ ಆ ಹೊತ್ತಿಗೆ.

ಸಮಯ ಸಿಕ್ಕಿದ್ರೆ ವಿಲೋಮನೂ, ಅಂದ್ರೆ ಅನುಪಾತ ಸಮ ಇದ್ರೆ ಗೆರೆ ಸಮಾಂತರ ಅನ್ನೋದನ್ನೂ ಮಾಡಿಸಿ. ಹೊಸ ಫೈಲಲ್ಲಿ ಸಮಾಂತರ ಎಳೀಬೇಡಿ, ಡಿನ ಎಬಿ ಮೇಲೆ, ಇನ ಎಸಿ ಮೇಲೆ ಸ್ವತಂತ್ರವಾಗಿ ಇಡಿ. ಎರಡು ಅನುಪಾತ ಸಮ ಬರೋ ತನಕ ಇ ಬಿಂದುನ ಮಕ್ಕಳೇ ಎಳೀಲಿ, ಸಮ ಬಂದ ಕ್ಷಣದಲ್ಲಿ ಎಡಿಇ ಕೋನ, ಎಬಿಸಿ ಕೋನ ಅಳೆದು ನೋಡ್ಲಿ.

ಈಗ ಆ ರೌಂಡಿಂಗ್ ಕಥೆ. ಒಂಬತ್ತನೇ ಕ್ಲಾಸಲ್ಲಿ ತ್ರಿಭುಜದ ಒಳಕೋನಗಳ ಮೊತ್ತ ತೋರಿಸ್ತಿದ್ದೆ. ಸ್ಕ್ರೀನಲ್ಲಿ 47.49, 71.57, 60.95 ಇತ್ತು. ಮುಂದಿನ ಬೆಂಚಿನ ಹುಡುಗಿ ಒಬ್ಳು ಕೂಡಿಸ್ಕೊಂಡು ಎದ್ದು ನಿಂತು, "ಮಿಸ್, 180.01 ಬರ್ತಿದೆ" ಅಂದ್ಲು. ಇಡೀ ಕ್ಲಾಸು ಕೂಡಿಸೋಕೆ ಶುರು ಮಾಡ್ತು. ಸಾಫ್ಟ್‌ವೇರ್ ತಪ್ಪಾ, ಪ್ರಮೇಯ ತಪ್ಪಾ ಅಂತ ಗಲಾಟೆ. ನಾನು ರೌಂಡಿಂಗ್‌ನ 5 ಸ್ಥಾನಕ್ಕೆ ಬದಲಾಯಿಸಿ ಮತ್ತೆ ಕೂಡಿಸಿ ಅಂದೆ, ವ್ಯತ್ಯಾಸ ಎಷ್ಟೋ ಕಮ್ಮಿ ಆಯ್ತು. ಆಗ ಅವಳೇ ಹೇಳಿದ್ಲು, "ಅಂದ್ರೆ ಪ್ರತಿ ಕೋನನೂ ಸ್ವಲ್ಪ ಸ್ವಲ್ಪ ಮೇಲಕ್ಕೆ ಅಂದಾಜು ಮಾಡಿದೆ, ಮೂರೂ ಸೇರಿ 0.01 ಆಗಿದೆ." ಅಳತೆಗೂ ಸಾಧನೆಗೂ ಇರೋ ವ್ಯತ್ಯಾಸನ ನಾನು ಅರ್ಧ ಗಂಟೆ ಭಾಷಣ ಮಾಡಿದ್ರೂ ಅಷ್ಟು ಚೆನ್ನಾಗಿ ಹೇಳೋಕಾಗ್ತಿರ್ಲಿಲ್ಲ. ಅದಕ್ಕೇ ನಾನೀಗ ಬೇಕಂತ್ಲೇ 2 ಸ್ಥಾನದಲ್ಲಿ ಶುರು ಮಾಡ್ತೀನಿ. ಆದ್ರೆ ಅನುಪಾತದ ಪಾಠದಲ್ಲಿ ಮಾತ್ರ ಸ್ಕ್ರೀನಲ್ಲಿ ಕಾಣೋ ಉದ್ದಗಳನ್ನ ಮಕ್ಕಳು ಕ್ಯಾಲ್ಕುಲೇಟರಲ್ಲಿ ಭಾಗಿಸಿದ್ರೆ ಕೊನೇ ಅಂಕಿ ಬೇರೆ ಬಂದು ಪಾಠ ದಾರಿ ತಪ್ಪತ್ತೆ, ಅಲ್ಲಿ ಭಾಗಾಕಾರ ಸಾಫ್ಟ್‌ವೇರೇ ಮಾಡ್ಲಿ.

ಸ್ಪರ್ಶಕಗಳ ಪಾಠ, ಅಂದ್ರೆ ವೃತ್ತನ ಒಂದೇ ಬಿಂದುವಲ್ಲಿ ಮುಟ್ಟೋ ಗೆರೆಗಳದ್ದು, ನನಗೆ ಬಹಳ ಪ್ರೀತಿ. ಸ್ಪರ್ಶಕ ಎಳೆಯೋಕೆ ಅಂತಲೇ ಒಂದು ಟೂಲ್ ಇದೆ, ಬಿಂದು ಮೇಲೊಂದು ವೃತ್ತದ ಮೇಲೊಂದು ಕ್ಲಿಕ್ ಮಾಡಿದ್ರೆ ಎರಡು ಸ್ಪರ್ಶಕ ರೆಡಿ. ಮೊದಲ ದಿನ ಅದನ್ನ ಮುಟ್ಟಬೇಡಿ, ಕೈವಾರದಲ್ಲಿ ಮಾಡೋ ಕ್ರಮದಲ್ಲೇ ಮಾಡಿ. ಗ್ರಿಡ್ ಹಾಕ್ಕೊಳ್ಳಿ ಇದಕ್ಕೆ. ಓ ಬಿಂದು ಮಧ್ಯದಲ್ಲಿ, ತ್ರಿಜ್ಯ 3, ಬಾಹ್ಯಬಿಂದು ಪಿ ಓಯಿಂದ ಬಲಕ್ಕೆ 5 ದೂರದಲ್ಲಿ. ಓಪಿಯ ಮಧ್ಯಬಿಂದು ಎಮ್, ಎಮ್ ಕೇಂದ್ರವಾಗಿ ಓ ಮೂಲಕ ಹೋಗೋ ವೃತ್ತ, ಅದು ಮೊದಲನೇ ವೃತ್ತನ ಕತ್ತರಿಸೋ ಜಾಗ ಎ ಮತ್ತು ಬಿ. ಪಿಎ, ಪಿಬಿ ಸೇರಿಸಿ. ಉದ್ದ ಅಳೆಯೋ ಮುಂಚೆ ಪೈಥಾಗೊರಸ್ ಹಾಕಿ ಲೆಕ್ಕ ಮಾಡಿ ಅಂತ ಹೇಳಿ, 25ರಲ್ಲಿ 9 ಕಳೆದ್ರೆ 16, ವರ್ಗಮೂಲ 4. ಆಮೇಲೆ ಅಳೀರಿ, ಎರಡೂ 4. ಓಎ ಸೇರಿಸಿ ಓಎಪಿ ಕೋನ ಅಳೀರಿ, 90. ಇದು 90 ಯಾಕೆ ಅಂತ ಕೇಳಿ, ಎಮ್ ಕೇಂದ್ರದ ವೃತ್ತಕ್ಕೆ ಓಪಿ ವ್ಯಾಸ, ಅರ್ಧವೃತ್ತದಲ್ಲಿನ ಕೋನ ಲಂಬಕೋನ, ಒಂಬತ್ತನೇ ಕ್ಲಾಸಿನ ಪಾಠ ಇಲ್ಲಿ ಕೆಲಸಕ್ಕೆ ಬಂತು.

ಈಗ ಪ್ರಶ್ನೆ ಕೇಳಿ, ಬರೆಸಿ. "ಪಿ ಬಿಂದುನ ವೃತ್ತದ ಹತ್ರ ಹತ್ರ ತರ್ತೀನಿ, ಸ್ಪರ್ಶಕದ ಉದ್ದ ಏನಾಗತ್ತೆ? ವೃತ್ತದ ಮೇಲೆ ಕೂರಿಸಿದ್ರೆ? ಒಳಗೆ ತಂದ್ರೆ?" ಮಕ್ಕಳಲ್ಲಿ ಯಾರಾದ್ರೂ ಒಬ್ರನ್ನ ಕರೆದು ಎಳೆಸಿ. ಉದ್ದ 4ರಿಂದ ಇಳೀತಾ ಹೋಗತ್ತೆ. ಗ್ರಿಡ್ ಇರೋದ್ರಿಂದ ಪಿನ ಸರಿಯಾಗಿ 3ರ ಮೇಲೆ ಕೂರಿಸ್ಬಹುದು, ಕೈಯಂದಾಜಲ್ಲಿ ಆದ್ರೆ ಅದು ಕೂರೋದೇ ಇಲ್ಲ. ಅಲ್ಲಿ ಎ, ಬಿ, ಪಿ ಮೂರೂ ಒಂದೇ ಕಡೆ ಸೇರ್ಕೊಳ್ಳತ್ತೆ, ಉದ್ದ ಸೊನ್ನೆ. ಇನ್ನೊಂದು ಚೂರು ಒಳಗೆ ಎಳೆದ್ರೆ ಸ್ಪರ್ಶಕಗಳು ಮಾಯ. "ಹೋಯ್ತು ಮಿಸ್!" ಅಂತ ಕೂಗ್ತಾರೆ. ಹೋಗಿದ್ದು ಯಾಕೆ ಅಂತ ಕೇಳ್ದಾಗ, ಎಮ್ ಕೇಂದ್ರದ ಆ ಚಿಕ್ಕ ವೃತ್ತನ ನೋಡ್ಸಿ, ಅದು ಈಗ ಪೂರ್ತಿ ದೊಡ್ಡ ವೃತ್ತದ ಹೊಟ್ಟೆಯೊಳಗೆ ಹೋಗ್ಬಿಟ್ಟಿದೆ, ಕತ್ತರಿಸೋ ಜಾಗನೇ ಇಲ್ಲ. ಸ್ಪರ್ಶಕಗಳ ಸಂಖ್ಯೆ 2, 1, 0 ಅಂತ ಪುಸ್ತಕದಲ್ಲಿ ಮೂರು ಬೇರೆ ಬೇರೆ ಚಿತ್ರ ಇರತ್ತೆ, ಇಲ್ಲಿ ಅದು ಒಂದೇ ಬಿಂದುವಿನ ಒಂದೇ ನಡಿಗೆ. ಸ್ಪರ್ಶಕದ ಟೂಲ್ ಹಾಕಿದ್ರೆ ಈ ಚಿಕ್ಕ ವೃತ್ತ ಕಾಣ್ತಿರ್ಲಿಲ್ಲ, ಕಾರಣನೂ ಕಾಣ್ತಿರ್ಲಿಲ್ಲ, ಅದಕ್ಕೇ ಮೊದ್ಲು ಬೇಡ ಅಂದಿದ್ದು.

ಬಹುಪದೋಕ್ತಿ ಪಾಠಕ್ಕೆ ಸ್ಲೈಡರ್, ಅಂದ್ರೆ ಜರುಗಿಸಿ ಸಂಖ್ಯೆ ಬದಲಾಯಿಸೋ ಪಟ್ಟಿ, ಬಳಸಿ. ಎ, ಬಿ, ಸಿ ಅಂತ ಮೂರು ಸ್ಲೈಡರ್, ಮೈನಸ್ 5ರಿಂದ 5ರವರೆಗೆ. ಎ ಎಕ್ಸ್ ವರ್ಗ ಪ್ಲಸ್ ಬಿ ಎಕ್ಸ್ ಪ್ಲಸ್ ಸಿ ಅನ್ನೋ ವರ್ಗ ಬಹುಪದೋಕ್ತಿ ಟೈಪ್ ಮಾಡುವಾಗ ಸಹಗುಣಕಕ್ಕೂ ಎಕ್ಸಿಗೂ ನಡುವೆ ಗುಣಾಕಾರದ ನಕ್ಷತ್ರ ಹಾಕಿ, ಇಲ್ಲಾಂದ್ರೆ ಕೆಲವು ಸಲ ಎರಡಕ್ಷರ ಸೇರಿ ಬೇರೆ ಹೆಸರು ಅಂದ್ಕೊಳ್ಳತ್ತೆ. ಎ 1, ಬಿ ಮೈನಸ್ 4 ಇಟ್ಟು ಸಿ ಮಾತ್ರ ಬದಲಾಯಿಸಿ: 3 ಇದ್ದಾಗ ಪರವಲಯ ಎಕ್ಸ್ ಅಕ್ಷನ 1 ಮತ್ತು 3ರಲ್ಲಿ ಕತ್ತರಿಸತ್ತೆ, 4 ಆದಾಗ 2ರಲ್ಲಿ ಬರೀ ಮುಟ್ಟತ್ತೆ, 5 ಆದಾಗ ಮೇಲಕ್ಕೆ ಎದ್ದು ಹೋಗತ್ತೆ, ಶೂನ್ಯತೆ ಇಲ್ಲ. ಪ್ರತಿ ಸಲ ಶೋಧಕದ (ಬಿ ವರ್ಗದಲ್ಲಿ 4 ಎ ಸಿ ಕಳೆದದ್ದು) ಬೆಲೆ ಲೆಕ್ಕ ಮಾಡಿಸಿ, 4, 0, ಮೈನಸ್ 4. ಸಾಕು, ಇದು ಎಲ್ಲರಿಗೂ ಬೇಗ ಹೊಳೆಯತ್ತೆ.

ಬಿ ಸ್ಲೈಡರ್ ಮಾತ್ರ ಸ್ವಲ್ಪ ಹೊತ್ತು ತಗೊಳ್ಳಿ. ಬಿ ಬದಲಾಯಿಸಿದ್ರೆ ಪರವಲಯ ಎಡಕ್ಕೆ ಬಲಕ್ಕೆ ಜಾರತ್ತೆ ಅಂತ ಹೆಚ್ಚಿನವರು ಬರೀತಾರೆ, ನಾನೂ ಹಂಗೇ ಅಂದ್ಕೊಂಡಿದ್ದೆ ಎಷ್ಟೋ ವರ್ಷ. ಎಕ್ಸ್ಟ್ರೀಮಮ್ ಟೂಲಲ್ಲಿ ಪರವಲಯದ ಶೃಂಗಬಿಂದು ತಗೊಂಡು, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಟ್ರೇಸ್ ಆನ್ ಮಾಡಿ, ಎ 1 ಇಟ್ಟು ಬಿ ನಿಧಾನಕ್ಕೆ ಜರುಗಿಸಿ. ಶೃಂಗ ಬಿಟ್ಟು ಹೋಗೋ ಚುಕ್ಕಿಗಳು ಸೇರಿ ಇನ್ನೊಂದು ಪರವಲಯ ಆಗತ್ತೆ, ಅದೂ ಕೆಳಮುಖವಾಗಿ! ಅದರ ಸಮೀಕರಣ ಏನು ಅಂತ ಚೆನ್ನಾಗಿ ಮಾಡೋ ಮಕ್ಕಳಿಗೆ ಬಿಡಿ, ಸಿಯಲ್ಲಿ ಎಕ್ಸ್ ವರ್ಗ ಕಳೆದ್ರೆ ವೈ ಅಂತ ಅವರೇ ಕಂಡ್ಹಿಡೀತಾರೆ, ಟೈಪ್ ಮಾಡಿ ನೋಡಿದ್ರೆ ಚುಕ್ಕಿಗಳ ಮೇಲೇ ಹೋಗಿ ಕೂರತ್ತೆ.

ಲ್ಯಾಬ್ ಇಲ್ಲ, ಒಂದೇ ಲ್ಯಾಪ್‌ಟಾಪು ಅಂತ ತುಂಬಾ ಜನ ಹೇಳ್ತಾರೆ. ನನ್ನ ಹತ್ರನೂ ಬಹಳ ವರ್ಷ ಒಂದೇ ಇದ್ದಿದ್ದು. ಒಂದೇ ಇದ್ರೆ ಮೌಸ್ ನಿಮ್ಮ ಕೈಯಲ್ಲಿ ಇಟ್ಕೋಬೇಡಿ, ಒಂದು ಮಗು ಕೈಗೆ ಕೊಡಿ, ಏನು ಮಾಡ್ಬೇಕು ಅಂತ ಕ್ಲಾಸು ಹೇಳ್ಲಿ, ಪೀರಿಯಡಿಗೆ ನಾಲ್ಕು ಜನ ಬದಲಾಗ್ಲಿ. ಉಳಿದವರು ನೋಟ್‌ಬುಕ್ಕಲ್ಲಿ ಮೂರು ಕಾಲಂ ಹಾಕ್ಲಿ, ನನ್ನ ಊಹೆ, ನೋಡಿದ್ದು, ಯಾಕೆ. ಮೂರನೇ ಕಾಲಂ ಖಾಲಿ ಬಿಟ್ಟವರನ್ನ ಮಾರನೇ ದಿನ ಕೇಳಿ. ಪ್ರೊಜೆಕ್ಟರ್ ಇರೋ ರೂಮಲ್ಲಿ ಕಿಟಕಿ ಬೆಳಕು ಜಾಸ್ತಿ ಇದ್ರೆ ತಿಳಿ ಬಣ್ಣಗಳು ಕಾಣೋದೇ ಇಲ್ಲ, ಕಡುನೀಲಿ, ಕೆಂಪು, ಕಪ್ಪು ಇಷ್ಟೇ ಬಳಸಿ. ಕರೆಂಟ್ ಹೋದ್ರೆ ಪಾಠ ನಿಲ್ಲದ ಹಾಗೆ, ಅದೇ ಚಿತ್ರದ ಮೂರು ಸ್ಥಿತಿನ ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಇಟ್ಕೊಂಡಿರಿ, ಪಕ್ಕಪಕ್ಕ ಇಟ್ಟು "ಏನು ಬದಲಾಗಿದೆ, ಏನು ಬದಲಾಗಿಲ್ಲ" ಅಂತ ಕೇಳ್ಬಹುದು. ನಲ್ವತ್ತು ನಿಮಿಷದ ಪೀರಿಯಡಲ್ಲಿ ಸ್ಕ್ರೀನ್ 15 ನಿಮಿಷಕ್ಕಿಂತ ಹೆಚ್ಚು ಬೇಡ, ಉಳಿದಿದ್ದು ಬರವಣಿಗೆಗೆ. ಕೈವಾರ, ಸ್ಕೇಲು, ಮೂಲೆಮಟ್ಟ ಹಿಡಿದು ಹಾಳೆ ಮೇಲೆ ಮಾಡೋ ರಚನೆನೂ ಬಿಡ್ಬೇಡಿ, ಪರೀಕ್ಷೆ ಅಲ್ಲೇ ನಡೆಯೋದು.

ಮನೇಲಿ ಮೊಬೈಲ್ ಸಿಗೋ ಮಕ್ಕಳಿಗೆ ಫೈಲ್ ವಾಟ್ಸಾಪಲ್ಲಿ ಕಳಿಸ್ಬಹುದು, ಸಿಗದೇ ಇರೋರಿಗೆ ಬೇಸರ ಆಗದ ಹಾಗೆ ಅದೇ ಪ್ರಶ್ನೆನ ಮಾರನೇ ದಿನ ಊಟದ ಬಿಡುವಲ್ಲಿ ಸ್ಕೂಲ್ ಲ್ಯಾಪ್‌ಟಾಪಲ್ಲಿ ಮಾಡೋಕೆ ಬಿಡಿ. ಫೈಲ್‌ಗಳಿಗೆ ಪಾಠದ ಹೆಸರು, ತರಗತಿ ಹಾಕಿ ಪೆನ್‌ಡ್ರೈವಲ್ಲಿ ಒಂದು, ಮೇಲಲ್ಲಿ ಒಂದು ಪ್ರತಿ ಇಡಿ. ಹೊಸದಾಗಿ ಶುರು ಮಾಡೋರು ಮೊದಲ ವಾರ ಆ ಚೌಕ ಒಂದನ್ನೇ ಮಾಡಿಸಿ, ಎರಡನೇ ವಾರ ಆಯತ, ಸಮಬಾಹು ತ್ರಿಭುಜ, ವಜ್ರಾಕೃತಿ, ಎಲ್ಲವೂ ಎಳೆದ್ರೆ ಮುರಿಯದ ಹಾಗೆ. ವಜ್ರಾಕೃತಿಗೆ ಮಕ್ಕಳು ಎರಡು ಮೂರು ಬೇರೆ ದಾರಿ ಹುಡುಕ್ತಾರೆ, ಒಬ್ರು ವೃತ್ತದಿಂದ, ಇನ್ನೊಬ್ರು ಕರ್ಣದ ಲಂಬಾರ್ಧಕದಿಂದ, ಎಲ್ಲವನ್ನೂ ಬೋರ್ಡಲ್ಲಿ ಪಕ್ಕಪಕ್ಕ ಬರೆಸಿ, ಮಾಡಿದವರ ಹೆಸರು ಹಾಕಿ.